ಹತ್ತು ಗ್ರಾಮಿನ ಗದ್ದಲ

ಎಲೆಕ್ಟ್ರಾನಿಕ್ಸ್ ಕಲಿತವರು ‘ನಾಯ್ಸ್’ ಎಂಬ ಪದವನ್ನು ಕಿವಿಗೆ ಕೇಳದ ಸಂಗತಿಗೂ ಬಳಸುತ್ತಾರೆ. 5 ವೋಲ್ಟ್ ಇರಬೇಕಾದ ತಂತಿಯಲ್ಲಿ ವೋಲ್ಟೇಜು ಒಂದಿಷ್ಟು ನಡುಗುತ್ತಿದ್ದರೆ ಅದೂ ನಾಯ್ಸೇ. ನಾನದನ್ನು ಗದ್ದಲ ಎನ್ನುತ್ತೇನೆ. ಒಂದೇ ತಂತಿಯಿಂದ ಹೊಟ್ಟೆ ಹೊರೆಯುವ ಹಲವರಲ್ಲಿ ಯಾರೋ ಒಬ್ಬರು ಎಬ್ಬಿಸುವುದು, ಉಳಿದವರು ಅನುಭವಿಸುವುದು.

ನನಗೆ ಇದು ಮನದಟ್ಟಾದದ್ದು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ. ಹಳ್ಳಿಯ ಹಾಲಿನ ಡೈರಿಗಳಿಗೆಂದು ತೂಕದ ಯಂತ್ರದ ಮಾದರಿಯೊಂದನ್ನು ತಯಾರಿಸುತ್ತಿದ್ದೆವು. ಹಾಲಿನ ತೂಕ ಸೀರಿಯಲ್ ಕೇಬಲ್ಲಿನ ಮೂಲಕ ಕಂಪ್ಯೂಟರಿಗೆ ಹೋಗಬೇಕು, ಅಲ್ಲಿಂದ ಹಾಲು ಹಾಕಿದವರ ಚೀಟಿಗೆ. ತೂಕ ಅಳೆಯುವುದು ಲೋಡ್ ಸೆಲ್, ಅಂದರೆ ಭಾರ ಬಿದ್ದಾಗ ಕಣ್ಣಿಗೆ ಕಾಣದಷ್ಟು ಬಾಗುವ ಲೋಹದ ತುಂಡು. ಅದಕ್ಕೆ 5 ವೋಲ್ಟ್ ಕೊಟ್ಟು ಪೂರ್ತಿ 50 ಕಿಲೋ ಹೇರಿದರೂ ಮರಳಿ ಬರುವುದು 10 ಮಿಲಿವೋಲ್ಟ್ ಮಾತ್ರ. ಹಾಗಾದರೆ 10 ಗ್ರಾಮಿನ ಪಾಲಿಗೆ 2 ಮೈಕ್ರೋವೋಲ್ಟ್. ವೋಲ್ಟಿನ ಹತ್ತು ಲಕ್ಷದ ಎರಡು ಭಾಗ!

ಮೇಲಿಟ್ಟ 5 ಕಿಲೋ ತೂಕದ ಕಲ್ಲು ಅಲುಗದಿದ್ದರೂ ಕೊನೆಯ ಅಂಕೆ ಕುಣಿಯುತ್ತಿತ್ತು. ಕೇಬಲ್ ಚುಚ್ಚಿದರೆ ಕುಣಿತ ಇನ್ನೂ ಜೋರು. ಎಲ್ಲರ ಕಣ್ಣೂ ಮೊದಲು ಬಿದ್ದದ್ದು ಕಂಪ್ಯೂಟರಿನ ಮೇಲೆ. ಕೇಬಲ್ ಕಿತ್ತು, ಅದರ ಜಾಗದಲ್ಲಿ ಸುಮಾರು 5 ಕಿಲೋ ಓಮ್‌ನ ಒಂದು ರೆಸಿಸ್ಟರ್ ಇಟ್ಟು ನೋಡಿದೆವು. ಆಚೆ ಕಡೆಯ ಕಂಪ್ಯೂಟರ್ ಈ ತಂತಿಯ ಮೇಲೆ ಹೊರಿಸುವ ಹೊರೆ ಹೆಚ್ಚುಕಡಿಮೆ ಅಷ್ಟೇ. ಅಂಕೆ ಹಾಗೆಯೇ ಕುಣಿಯಿತು. ಅಲ್ಲಿಗೆ ಕಂಪ್ಯೂಟರ್ ನಿರಪರಾಧಿ. ಗದ್ದಲ ನಮ್ಮ ಬೋರ್ಡಿನೊಳಗಿನದೇ.

ಎಬ್ಬಿಸುತ್ತಿದ್ದದ್ದು ಸೀರಿಯಲ್ ಮಾತುಕತೆಗೆಂದು ಕೂರಿಸಿದ್ದ ಮ್ಯಾಕ್ಸ್232 ಜಾತಿಯ ಚಿಪ್. ಅದರ ಕಷ್ಟವನ್ನೂ ಕೇಳಬೇಕು. ಆರ್‌ಎಸ್-232 ಎಂಬ ಮಾನಕ 1960ರದ್ದು. ಅದರ ಭಾಷೆಯಲ್ಲಿ ಒಂದು ಎನ್ನಲು ಋಣ ವೋಲ್ಟೇಜು, ಸೊನ್ನೆ ಎನ್ನಲು ಧನ ವೋಲ್ಟೇಜು ಬೇಕು. ಹಿಂದೆ ಇದಕ್ಕಾಗಿಯೇ ಬೋರ್ಡಿಗೆ ಧನ 12, ಋಣ 12 ವೋಲ್ಟುಗಳನ್ನು ಬೇರೆಯಾಗಿ ಒದಗಿಸುತ್ತಿದ್ದರು. 1987ರಲ್ಲಿ ಬಂದ ಮ್ಯಾಕ್ಸ್232 ಆ ರಗಳೆ ತಪ್ಪಿಸಿತು. 5 ವೋಲ್ಟನ್ನಷ್ಟೇ ಪಡೆದು, ಪುಟ್ಟ ಕೆಪಾಸಿಟರುಗಳಿಗೆ ತುಂಬಿಸಿ, ಒಂದರ ಮೇಲೊಂದು ಪೇರಿಸಿ ಸುಮಾರು 10 ವೋಲ್ಟ್ ಮಾಡುತ್ತದೆ. ಅದನ್ನೇ ತಿರುವಿ ಋಣ 10 ಮಾಡುತ್ತದೆ. ತುಂಬುವುದು, ಸುರಿಯುವುದು, ಮತ್ತೆ ತುಂಬುವುದು, ಹೀಗೆ ಸೆಕೆಂಡಿಗೆ ಸಾವಿರಾರು ಸಲ. ಮಾತಾಡಲು ಏನೂ ಇಲ್ಲದಾಗಲೂ ಈ ಪಂಪು ನಿಲ್ಲುವುದಿಲ್ಲ. ಪ್ರತಿ ತುಂಬುವಿಕೆಗೂ 5 ವೋಲ್ಟಿನ ತಂತಿಯಿಂದ ಒಂದು ಗುಟುಕು ಕರೆಂಟನ್ನು ಗಬಕ್ಕನೆ ಎಳೆಯುತ್ತದೆ.

ಒಂದೇ ಕೊಳಾಯಿ ಹಂಚಿಕೊಂಡ ವಠಾರದಲ್ಲಿ ಇದ್ದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಕೆಳಗಿನ ಮನೆಯವರು ನಲ್ಲಿ ತಿರುಗಿಸಿದರೆ ಮೇಲಿನ ಮನೆಯ ಧಾರೆ ಸಣ್ಣಗಾಗುತ್ತದೆ. ಲೋಡ್ ಸೆಲ್ಲಿನ ಸಂಕೇತವನ್ನು ಓದುವ ಚಿಪ್ ಆ ಮೇಲಿನ ಮನೆಯದು. ತಂತಿಯ ನಡುಕದಲ್ಲಿ ಹೆಚ್ಚಿನ ಪಾಲನ್ನು ಅದೇ ತಡೆದುಕೊಳ್ಳುತ್ತದೆ. ಆದರೆ ನಡುಕ 50 ಮಿಲಿವೋಲ್ಟ್ ಇದ್ದರೆ, ನಾವು ಅಳೆಯಹೊರಟ 2 ಮೈಕ್ರೋವೋಲ್ಟಿಗೆ ಅದು 25,000 ಪಟ್ಟು. ನುಸುಳಿದ ಚೂರೇ ಸಾಕು.

ಅಂಗಡಿಯ ಹಿರಿಯರೊಬ್ಬರು ಹೇಳಿದ್ದು ಇಷ್ಟೇ: “ನೋಡಪ್ಪಾ, ಜೋರು ಬಾಯಿಯವರನ್ನ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಕು, ಪಡಸಾಲೆವರೆಗೂ ಬಿಟ್ಕೊಂಡ್ರೆ ಕಷ್ಟ.”

ಹಾಗೇ ಮಾಡಿದೆವು. ಚಿಪ್ಪಿನ ಕರೆಂಟಿನ ಕಾಲಿಗೆ ತೀರಾ ಹತ್ತಿರದಲ್ಲಿ 0.1 ಮೈಕ್ರೋಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರ್, ಅದರ ಪಕ್ಕ 100 ಮೈಕ್ರೋಫ್ಯಾರಡ್‌ನ ದೊಡ್ಡದೊಂದು. ಇವು ಬಾಗಿಲ ಬಳಿಯ ಚೊಂಬು ಮತ್ತು ಹಂಡೆ. ಗುಟುಕು ಬೇಕಾದಾಗ ಚಿಪ್ ಹಂಡೆಯಿಂದ ಮೊಗೆಯುತ್ತದೆ, ಕೊಳಾಯಿಗೆ ಕೈ ಹಾಕುವುದಿಲ್ಲ. ಆಮೇಲೆ ಹಂಡೆಗೆ ಬರುವ ದಾರಿಯಲ್ಲಿ 10 ಓಮ್‌ನ ರೆಸಿಸ್ಟರ್, ಅಂದರೆ ಸಣ್ಣಗೆ ತಿರುಗಿಸಿಟ್ಟ ನಲ್ಲಿ. ಇವೆರಡೂ ಸೇರಿದರೆ ಸುಮಾರು 160 ಹರ್ಟ್ಸ್‌ಗಿಂತ ವೇಗದ ನಡುಕವೆಲ್ಲ ಹೊರಗಿನ ತಂತಿಗೆ ತಲುಪುವಷ್ಟರಲ್ಲಿ ಸೊರಗುತ್ತದೆ. ಹಾಗೆಂದು 100 ಓಮ್ ಹಾಕುವಂತಿಲ್ಲ. ಚಿಪ್ ಎಳೆಯುವುದು 10 ಮಿಲಿಆಂಪ್ ಎಂದರೂ 1 ವೋಲ್ಟ್ ದಾರಿಯಲ್ಲೇ ಕಳೆದು 4 ಉಳಿಯುತ್ತದೆ. ಅದಕ್ಕೆ ಕನಿಷ್ಠ 4.5 ಬೇಕು. ಬಾಯಿ ಮುಚ್ಚಿಸಲು ಹೋಗಿ ಉಪವಾಸ ಕೆಡವಿದಂತಾಗುತ್ತದೆ. ಕೊನೆಯದಾಗಿ, ಚಿಪ್ಪಿನ ಗ್ರೌಂಡ್ ದಾರಿಯನ್ನು ಲೋಡ್ ಸೆಲ್ಲಿನ ಕಡೆಯಿಂದ ಹಾಯಿಸದೆ ನೇರ ಸಪ್ಲೈಗೆ ಒಯ್ದೆವು. ಹೋಗುವ ನೀರಿಗೆ ಕೊಳಾಯಿ ಎಷ್ಟು ಮುಖ್ಯವೋ ಬರುವ ನೀರಿಗೆ ಚರಂಡಿಯೂ ಅಷ್ಟೇ ಮುಖ್ಯ.

ಇದಕ್ಕಿಂತ ಸುಲಭದ ದಾರಿ ಇನ್ನೊಂದಿತ್ತು. “ಸಾಫ್ಟ್‌ವೇರಿನಲ್ಲಿ ನೂರು ಸಲ ಓದಿ ಸರಾಸರಿ ತೆಗೆದರಾಯಿತು, ಅಂಕೆ ನಿಲ್ಲುತ್ತದೆ” ಎಂದವರಿದ್ದರು. ನಿಲ್ಲುತ್ತದೆ, ನಿಜ. ಆದರೆ ಪಂಪಿನ ತಾಳವೂ ನಾವು ಓದುವ ತಾಳವೂ ಎಲ್ಲೋ ಕೂಡಿಕೊಂಡರೆ ನಡುಕ ಒಂದೇ ಕಡೆಗೆ ವಾಲುತ್ತದೆ. ಆಗ ಸರಾಸರಿ ತೆಗೆದರೂ ಆ ವಾಲು ಹೋಗುವುದಿಲ್ಲ. ಅಂಕೆ ಕದಲದೆ ನಿಂತು ತಪ್ಪು ಹೇಳುತ್ತದೆ. ಕುಣಿಯುವ ಅಂಕೆಯನ್ನು ಕಂಡರೆ ಜನ ಅನುಮಾನವನ್ನಾದರೂ ಪಡುತ್ತಾರೆ. ನಿಂತ ಅಂಕೆಯನ್ನು ನಂಬಿಬಿಡುತ್ತಾರೆ.

ಹತ್ತು ಗ್ರಾಂ ಯಾವ ಲೆಕ್ಕ ಎನಿಸಬಹುದು. ಒಂದೇ ಹಸು ಕಟ್ಟಿಕೊಂಡ ಮನೆಯವರು ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಡೈರಿಗೆ ಹಾಲು ಹಾಕುತ್ತಾರೆ. ಸಲಕ್ಕೆ 10 ಗ್ರಾಂ ಕಡಿಮೆ ಬಿದ್ದರೆ ವರ್ಷಕ್ಕೆ 7 ಕಿಲೋ 300 ಗ್ರಾಂ. ಲೀಟರಿನ ಅಳತೆಪಾತ್ರೆ ಇದ್ದಾಗ ಹಾಲು ಅಂಚಿಗೆ ಬಂತೋ ಇಲ್ಲವೋ ಎಂದು ಬಗ್ಗಿ ನೋಡಿ, “ಇನ್ನೂ ಬರ್ಬೇಕಲ್ಲಣ್ಣ” ಎಂದು ಜಗಳಕ್ಕೆ ನಿಲ್ಲಬಹುದಿತ್ತು. ಕೆಂಪಗೆ ಉರಿಯುವ ಅಂಕೆಯ ಜೊತೆ ಯಾರು ಜಗಳವಾಡುತ್ತಾರೆ? ಅವರು ಆಡಲಾರದ ಜಗಳವನ್ನು ಬೋರ್ಡು ಮಾಡುವ ಮೇಜಿನ ಮೇಲೆ ನಾವೇ ಮೊದಲು ಆಡಿ ಮುಗಿಸಿರಬೇಕು.