ಟ್ರ್ಯಾಕ್ಟರಿನ ಎಣ್ಣಿ, ನನ್ನ ಬೋರಮಾಳ

"ಅಕ್ಕಾ, ಬೋರಮಾಳ ಯಾಕ ಹಾಕ್ಕೊಂಡಿಲ್ಲ?" ಅಂತ ಮೊನ್ನಿ ಲಗ್ನದಾಗ ಕೇಳಿದ್ರೆಲ್ಲ, ಹೇಳ್ತೀನಿ ಕೇಳ್ರಿ. ಅದನ್ನ ಒತ್ತಿ ಇಟ್ಟೇವಿ, ಟ್ರ್ಯಾಕ್ಟರ್ ರಿಪೇರಿಗೆ.

ಕಡ್ಲಿ ಬಿತ್ತೋ ಹೊತ್ತಿನ್ಯಾಗ ಎಂಜಿನ್ ಆಯಿಲ್ ಕಡಿಮಿ ಆಗಿ ಕೆಂಪು ದೀಪ ಹತ್ತಿತ್ತಂತ. ಮಗ "ಇನ್ನ ಎರಡ ಸಾಲ ಅಷ್ಟ" ಅಂತ ಹಂಗ ಹೊಡದ. ಎಂಜಿನ್ ಹೊಲದಾಗನ ಜಾಮ್ ಆತು. ಮೇಸ್ತ್ರಿ ಬಿಚ್ಚಿ ತೋರಿಸಿದ, ಬೇರಿಂಗ್ ಎಲ್ಲಾ ಸುಟ್ಟಿದ್ವು.

ಅವತ್ತಿಂದ ಆಯಿಲ್ ನೋಡೋ ಕೆಲಸ ನಂದ. ಮುಂಜಾನೆ ಕಸ ಹೊಡದ ಮ್ಯಾಲೆ, ಗಾಡಿ ಚಾಲೂ ಮಾಡೋಕಿಂತ ಮೊದಲ ಕಡ್ಡಿ ತೆಗದು, ಹಳೇ ಅರಿವೀಲೆ ಒರಸಿ, ತಿರಗಿ ಇಳಿಸಿ ನೋಡ್ತೀನಿ. ಗಾಡಿ ಸಪಾಟ ಜಾಗಾದಾಗ ನಿಂತಿರಬೇಕು. ಎಣ್ಣಿ ಎರಡೂ ಗೆರಿ ನಡುವ ಇರಬೇಕು, ಹೆಚ್ಚಾದ್ರೂ ಛಲೋ ಅಲ್ಲ. ಕರ್ರಗಾದ್ರ ಅಂಜಬ್ಯಾಡ್ರಿ, ಮಸಿ ಹಿಡಿಯೋದ ಅದರ ಕೆಲಸ. ಹಾಲಿನಂಗ ಬೆಳ್ಳಗಾದ್ರ ಮಾತ್ರ ನೀರು ಸೇರೈತಿ ಅಂತ ತಿಳೀರಿ, ಚಾಲೂ ಮಾಡಬ್ಯಾಡ್ರಿ.

ನಮ್ಮ ಗಾಡಿಗೆ 250 ತಾಸಿಗೊಮ್ಮೆ ಎಣ್ಣಿ, ಫಿಲ್ಟರ್ ಎರಡೂ ಬದಲಿ ಮಾಡಬೇಕು. ಕ್ಯಾಲೆಂಡರಿನ್ಯಾಗ ಹಾಲಿನ ಲೆಕ್ಕದ ಬಾಜೂಕ ಅದನ್ನೂ ಬರಕೋತೀನಿ.

ಮೊದಲ ಮಗ ನಗತಿದ್ದ. ಈಗ "ಅವ್ವಾ, ನೋಡಿದೇನ?" ಅಂತ ಕೇಳೇ ಕೀಲಿ ತಿರುವತಾನ. ಸುಗ್ಗಿ ಆದ ಮ್ಯಾಲೆ ಬೋರಮಾಳ ಬಿಡಿಸಿ ಕೊಡ್ತೀನಿ ಅಂದಾನ. ನೋಡೂಣು.