ಏನನ್ನೂ ತೂಗುಹಾಕದ ಮೊಳೆ

ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆಗೆದು ಕೂತ ನನ್ನನ್ನು ನೋಡಿ ಅವ್ವ ಕೇಳಿದಳು, ‘ಏನ್ ಬರಿಯಾಕತ್ತೀಯೋ?’

‘ಬರಿಯಾಕತ್ತಿಲ್ಲಬೇ, ಅಳಸಾಕತ್ತೀನಿ.’

‘ಅಳಸಾಕೂ ರೊಕ್ಕಾ ಕೊಡ್ತಾರೇನು?’

ರೊಕ್ಕ ಯಾರೂ ಕೊಡುವುದಿಲ್ಲ. ಅಳಿಸುತ್ತಿದ್ದುದು ಲಿನಕ್ಸ್ ಕರ್ನಲ್‌ನ ಒಂದು ವೈಫೈ ಡ್ರೈವರಿನೊಳಗಿನ ಸಾಲುಗಳನ್ನು. ಅವನ್ನು ಯಾರೂ ಕರೆಯುವುದಿಲ್ಲ, ಅವು ಯಾವ ಕೆಲಸಕ್ಕೂ ಬರುವುದಿಲ್ಲ ಎಂದು ಸಾಬೀತು ಮಾಡಿ, ತೆಗೆಯಲು ಒಪ್ಪಿಗೆ ಕೇಳುವುದು ನನ್ನ ಬಿಡುವಿನ ಹವ್ಯಾಸ.

ಕರ್ನಲ್ ಎಂದರೆ ನಾವು ಬಳಸುವ ಪ್ರೋಗ್ರಾಮುಗಳಿಗೂ ಯಂತ್ರದ ಲೋಹಕ್ಕೂ ನಡುವೆ ಕೂತಿರುವ ತಂತ್ರಾಂಶ. ಡ್ರೈವರ್ ಅದರೊಳಗಿನ ದುಭಾಷಿ. ನಮ್ಮ ಕಾಗವಾಡದ ಅಂಗಡಿಗಳಲ್ಲಿ ಮಿರಜಿನಿಂದ ಬಂದವರ ಜೊತೆ ಮರಾಠಿ, ಅಥಣಿಯಿಂದ ಬಂದವರ ಜೊತೆ ಕನ್ನಡ, ಲೆಕ್ಕ ಹಾಕುವಾಗ ಎರಡನ್ನೂ ಬೆರೆಸಿ ಮಾತಾಡುವವರಿದ್ದಾರಲ್ಲ, ಅಂಥದ್ದು. ಒಂದೊಂದು ಚಿಪ್‌ಗೂ ಒಬ್ಬ ದುಭಾಷಿ ಬೇಕು. ಹೀಗೆ ಸೇರುತ್ತ ಸೇರುತ್ತ ಕರ್ನಲ್ ಈಗ ಮೂರು ಕೋಟಿ ಸಾಲುಗಳನ್ನು ದಾಟಿದೆ. ಅದರಲ್ಲಿ ಬಹುಪಾಲು ಡ್ರೈವರುಗಳೇ.

ನನ್ನ ಹಳೆಯ, ಅಗ್ಗದ ಪುಟ್ಟ ಲ್ಯಾಪ್‌ಟಾಪಿನಲ್ಲಿರುವುದು ರಿಯಲ್‌ಟೆಕ್ 8723ಬಿಎಸ್ ಎಂಬ ಚಿಪ್. ಅದರ ಡ್ರೈವರ್ 2017ರಲ್ಲಿ ಕರ್ನಲ್ಲಿಗೆ ಬಂತು. ಆದರೆ ನೇರ ಒಳಮನೆಗಲ್ಲ, ‘ಸ್ಟೇಜಿಂಗ್’ ಎಂಬ ಹೊರಪಡಸಾಲೆಗೆ. ಗ್ರೆಗ್ ಕ್ರೋಹ್-ಹಾರ್ಟ್‌ಮನ್ 2008ರಲ್ಲಿ ಶುರುಮಾಡಿದ ಜಾಗ ಅದು. ಇನ್ನೂ ಚೊಕ್ಕವಾಗದ ಡ್ರೈವರುಗಳು ಅಲ್ಲಿ ಕೂತಿರುತ್ತವೆ, ನನ್ನಂಥ ಹೊಸಬರು ಬಂದು ಕೈ ಪಳಗಿಸಿಕೊಳ್ಳುತ್ತಾರೆ. ಏನೇನು ಕೆಲಸ ಬಾಕಿಯಿದೆ ಎಂಬ ಪಟ್ಟಿಯೂ ಡ್ರೈವರಿನ ಜೊತೆಗೇ ಇರುತ್ತದೆ. 8723ಬಿಎಸ್‌ನ ಪಟ್ಟಿಯಲ್ಲಿದ್ದ ಎರಡು ಬಾಬತ್ತು ನನ್ನ ಕಣ್ಣಿಗೆ ಬಿದ್ದವು: 5 ಗಿಗಾಹರ್ಟ್ಸ್‌ಗೆ ಮಾತ್ರ ಸಲ್ಲುವ ಕೋಡ್ ಉಳಿದಿದ್ದರೆ ತೆಗೆಯಿರಿ; ಬೇರೆ ಚಿಪ್‌ಗಳ ಕೋಡ್ ಉಳಿದಿದ್ದರೆ ತೆಗೆಯಿರಿ.

ಈ ಚಿಪ್ ಮಾತಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ. ಅಲ್ಲಿ ಚಾನೆಲ್ಲುಗಳ ಸಂಖ್ಯೆ 14ಕ್ಕೇ ಮುಗಿಯುತ್ತದೆ. ಆದರೂ ಡ್ರೈವರಿನೊಳಗೆ ‘ಚಾನೆಲ್ 14ಕ್ಕಿಂತ ಹೆಚ್ಚಿದ್ದರೆ ಹೀಗೆ ಮಾಡು’ ಎಂಬ ಕವಲುಗಳು ಉಳಿದಿದ್ದವು. ಆ ಬಾಗಿಲು ಎಂದೂ ತೆರೆಯುವುದಿಲ್ಲ. ಒಂದೇ ಕೋಡಿನಿಂದ ಹಲವು ಚಿಪ್‌ಗಳ ಸಂಸಾರ ನಡೆಸುವಾಗ ಉಳಿದುಹೋದದ್ದು ಅದು. ಅಂಥದ್ದನ್ನು ತೆಗೆಯುವಾಗಿನ ಸುಖವೇ ಬೇರೆ. ಕಬ್ಬಿನ ರವದಿ ಸುಲಿದಂತೆ, ಕೈಗೆ ಸಲೀಸಾಗಿ ಬರುತ್ತದೆ.

ಎಲ್ಲವೂ ಹಾಗೆ ಬರುವುದಿಲ್ಲ. ಒಂದು ಫೈಲಿನೊಳಗೇ ಬಳಕೆಯಾಗಬೇಕಾದ ಫಂಕ್ಷನ್ ಅನಾಥವಾಗಿದ್ದರೆ ಕಂಪೈಲರ್ ಎಚ್ಚರಿಸುತ್ತದೆ. ಊರಿಗೆಲ್ಲ ತೆರೆದಿಟ್ಟ ಫಂಕ್ಷನ್ ಬಗ್ಗೆ ಅದು ಸುಮ್ಮನಿರುತ್ತದೆ. ಬೇರೆ ಯಾವ ಫೈಲೋ ಕರೆಯಬಹುದಲ್ಲ ಎಂಬ ಔದಾರ್ಯ. ಆಗ ಹೆಸರು ಹಿಡಿದು ಇಡೀ ಡ್ರೈವರನ್ನು ಹುಡುಕಬೇಕು. ಎಲ್ಲಿಯೂ ಸಿಗದಿದ್ದರೂ ನೆಚ್ಚುವಂತಿಲ್ಲ. ಕೆಲವು ಹೆಸರುಗಳನ್ನು ಮ್ಯಾಕ್ರೋಗಳು ಎರಡು ತುಂಡು ಅಂಟಿಸಿ ಆಮೇಲೆ ಹುಟ್ಟಿಸುತ್ತವೆ.

ಅಳಿಸಿದ್ದು ಎಲ್ಲಿಗೂ ಹೋಗುವುದಿಲ್ಲ ಎಂಬುದು ಈ ಕೆಲಸದ ದೊಡ್ಡ ಧೈರ್ಯ. ಗಿಟ್‌ನಲ್ಲಿ ಹಳೆಯದೆಲ್ಲ ಇರುತ್ತದೆ, ಯಾರು ಯಾವತ್ತು ಯಾಕೆ ತೆಗೆದರು ಎಂಬುದರ ಸಮೇತ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಶುರುಮಾಡಿದ್ದೇ 386 ಪ್ರೊಸೆಸರಿನ ಮೇಲೆ. 2012ರ ಡಿಸೆಂಬರಿನಲ್ಲಿ ಆ 386ರ ಬೆಂಬಲವನ್ನೇ ಕಿತ್ತುಹಾಕಿದಾಗ, ತನಗೇನೂ ಭಾವುಕತೆಯಿಲ್ಲ ಎಂಬ ಅರ್ಥದಲ್ಲಿ ಬರೆದು ಅವರು ಮುಂದೆ ಹೋದರು. ನನಗೆ ಆ ಗಟ್ಟಿತನ ಇಲ್ಲ, ಆದರೆ ಅಸೂಯೆಯಂತೂ ಇದೆ.

ನನ್ನ ಮೊದಲ ಎರಡು ಪ್ಯಾಚುಗಳು ಸ್ವೀಕಾರವಾದವು. ಮೂರನೆಯದರಲ್ಲಿ ಒಂದು ವೇರಿಯಬಲ್ ಇತ್ತು. ಚಿಪ್‌ನ ಒಂದು ರಿಜಿಸ್ಟರನ್ನು ಓದಿ ಅದರೊಳಗೆ ಇಡುತ್ತಿದ್ದರು, ಆಮೇಲೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಓದುವ ಸಾಲನ್ನೂ ಸೇರಿಸಿ ತೆಗೆದೆ. ಕಂಪೈಲ್ ಆಯಿತು, ವೈಫೈ ನಡೆಯಿತು. ಕಳಿಸಿದೆ. ಮರುದಿನ ಪರಿಶೀಲಿಸುವವರೊಬ್ಬರಿಂದ ಒಂದೇ ಪ್ರಶ್ನೆ ಬಂತು: ಆ ಓದುವಿಕೆ ಬೇಕಿಲ್ಲ ಎಂದು ನಿಮಗೆ ಹೇಗೆ ಗೊತ್ತು?

ಗೊತ್ತಿರಲಿಲ್ಲ. ಓದಿದ ಕೂಡಲೇ ಸೊನ್ನೆಯಾಗುವ ರಿಜಿಸ್ಟರುಗಳಿರುತ್ತವೆ. ಅಲ್ಲಿ ಓದುವುದೇ ಕೆಲಸ, ಸಿಕ್ಕ ಬೆಲೆ ಯಾರಿಗೂ ಬೇಡ. ಚಿಪ್‌ನ ಕೈಪಿಡಿ ನನ್ನ ಬಳಿ ಇಲ್ಲ. ಆ ಸಾಲು ಬರೆದವರು ಯಾಕೆಂದು ಪಕ್ಕದಲ್ಲಿ ಬರೆದಿಟ್ಟಿಲ್ಲ. ನನ್ನ ಒಂದು ಯಂತ್ರದಲ್ಲಿ ಒಂದು ಸಂಜೆ ನಡೆಯಿತು ಎಂಬುದು ಪುರಾವೆಯಲ್ಲ.

ಆ ಪ್ರಶ್ನೆ ಓದಿದಾಗ ನೆನಪಾದದ್ದು ಚಿಪ್ ಅಲ್ಲ, ಅಜ್ಜನ ಮೊಳೆ.

ನಮ್ಮೂರು ಕೃಷ್ಣೆಯ ದಂಡೆಗಿದೆ. ದನದ ಮನೆಯ ಹಿಂದಿನ ಗೋಡೆಯಲ್ಲಿ, ಹೊಳೆಯ ಕಡೆ ಮುಖವಾಗಿ, ಮೊಣಕಾಲೆತ್ತರದಲ್ಲಿ ಒಂದು ದಪ್ಪ ಮೊಳೆಯಿತ್ತು. ಅದಕ್ಕೆ ಯಾರೂ ಏನನ್ನೂ ತೂಗುಹಾಕುತ್ತಿರಲಿಲ್ಲ. ಆ ಎತ್ತರದಲ್ಲಿ ತೂಗುಹಾಕಲು ಏನಿದೆ? ಅಲ್ಲಿ ಹಾದಾಗಲೆಲ್ಲ ಯಾರದಾದರೂ ಧೋತರವೋ ಸೀರೆಯ ಸೆರಗೋ ಸಿಕ್ಕಿ ಹರಿಯುತ್ತಿತ್ತು. ಅಜ್ಜ 2011ರಲ್ಲಿ ತೀರಿಕೊಂಡ. 2016ರಲ್ಲಿ ತಂಗಿಯ ಮದುವೆಗೆಂದು ಗೋಡೆಗೆ ಗಿಲಾವು ಮಾಡಿಸುವಾಗ ಇಕ್ಕಳ ತಂದು ಅದನ್ನು ಕಿತ್ತವನು ನಾನೇ. ತೂತಿಗೆ ಸಿಮೆಂಟು ಮೆತ್ತಿದ್ದೂ ನಾನೇ.

2019ರ ಆಗಸ್ಟ್. ನಾಗರ ಪಂಚಮಿ ಮುಗಿದು ಮೂರು ದಿನವಾಗಿತ್ತು. ಕೊಯ್ನಾದಿಂದ ಇಷ್ಟು ನೀರು, ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್, ದೂಧಗಂಗೆ ಸೇರಿ ಇಷ್ಟು ಎಂದು ಬೆಂಗಳೂರಿನಲ್ಲಿ ಕೂತು ನಾನು ಮೊಬೈಲಿನಲ್ಲಿ ಓದುತ್ತಿದ್ದೆ. ರಾತ್ರಿ ಹನ್ನೊಂದಕ್ಕೆ ಅವ್ವ ಫೋನು ಮಾಡಿದಳು. ‘ಅಜ್ಜನ ಮೊಳಿ ಎಷ್ಟ್ ಮ್ಯಾಲಿತ್ತೋ ತಮ್ಮಾ? ನಿನ್ನ ಮೊಣಕಾಲಿಗೆ ಬರತಿತ್ತೋ, ಕೆಳಗೋ?’

ಯಾಕೆ ಎಂದೆ. ಆಗ ತಿಳಿಯಿತು. 2005ರ ಮಹಾಪೂರದಲ್ಲಿ ಅಜ್ಜ ನೋಡಿಕೊಂಡಿದ್ದನಂತೆ: ನೀರು ಗೋಡೆಯ ಆ ಮಟ್ಟಕ್ಕೆ ಬಂದಾಗ ಊರ ಹೊರಗಿನ ಹಳ್ಳದ ಪೂಲು ಮುಳುಗಿತ್ತು. ನಮ್ಮಲ್ಲಿ ಸೇತುವೆಗೆ ಪೂಲು ಎನ್ನುತ್ತೇವೆ, ಮರಾಠಿಯ ಬಳುವಳಿ. ನೀರು ಮೊಳೆ ಮುಟ್ಟುವುದರೊಳಗೆ ದನ ಹೊಡೆದುಕೊಂಡು ಹೊರಬೀಳಬೇಕು. ಇದನ್ನು ಅವನು ಅವ್ವನಿಗೆ, ಕಾಕಾನಿಗೆ ಹೇಳಿದ್ದ. ನಾನು ಮೊಳೆ ಕೀಳುವ ದಿನ ಅವರಿಬ್ಬರೂ ಮದುವೆಯ ಜವಳಿ ತರಲು ಇಚಲಕರಂಜಿಗೆ ಹೋಗಿದ್ದರು. ಬಂದ ಮೇಲೆ ಕೇಳಿದರೇ, ಬೈದರೇ, ನೆನಪಿಲ್ಲ. ಹನ್ನೊಂದು ವರ್ಷ ಒಮ್ಮೆಯೂ ಕೆಲಸಕ್ಕೆ ಬಾರದ ಮೊಳೆ ಅದು.

ಬ್ಯಾಟರಿ ಬೆಳಕಿನಲ್ಲಿ ಗೋಡೆ ನೋಡುತ್ತ, ಇಲ್ಲಿತ್ತು, ಅಲ್ಲಲ್ಲ ಇನ್ನೂ ಮೇಲಿತ್ತು ಎಂದು ಅವ್ವ, ಕಾಕಾ ಜಗಳಾಡುತ್ತಿದ್ದುದು ಫೋನಿನಲ್ಲಿ ಕೇಳುತ್ತಿತ್ತು. ಹೊರಟಾಗ ತಡವಾಗಿತ್ತು. ಎರಡು ಎಮ್ಮೆ ದಾಟಿದವು. ಕರು ದಾಟಲಿಲ್ಲ.

ಇದನ್ನೆಲ್ಲ ಪರಿಶೀಲಕರಿಗೆ ಬರೆಯಲಾಗುವುದಿಲ್ಲ. ನೀವು ಹೇಳಿದ್ದು ಸರಿ, ಓದುವ ಸಾಲನ್ನು ಉಳಿಸಿ ವೇರಿಯಬಲ್ ಮಾತ್ರ ತೆಗೆದಿದ್ದೇನೆ ಎಂದು ಎರಡನೇ ಆವೃತ್ತಿ ಕಳಿಸಿದೆ. ಅದು ಸ್ವೀಕಾರವಾಯಿತು. ಈಗಲೂ ಆ ಡ್ರೈವರಿನಲ್ಲಿ ಅಳಿಸುತ್ತಲೇ ಇದ್ದೇನೆ. ಹೆದರಿ ಎಲ್ಲವನ್ನೂ ಹಾಗೇ ಬಿಟ್ಟರೆ ಮುಂದೆ ಬರುವವರಿಗೆ ಯಾವುದು ಮೊಳೆ, ಯಾವುದು ಬರೀ ತುಕ್ಕು ಎಂದು ತಿಳಿಯುವುದೇ ಇಲ್ಲ.

2021ರ ಜುಲೈನಲ್ಲಿ ಹೊಳೆ ಮತ್ತೆ ಬಂತು. ದನಗಳನ್ನು ಈ ಸಲ ಎರಡು ದಿನ ಮೊದಲೇ ದಾಟಿಸಿ, ಕಾಕಾ ಪೂಲಿನ ಹತ್ತಿರ ಒಬ್ಬ ಹುಡುಗನನ್ನು ನಿಲ್ಲಿಸಿದ. ನೀರು ಪೂಲು ಹತ್ತಿತು ಎಂದು ಅವನು ಫೋನು ಮಾಡಿದ ಗಳಿಗೆಗೆ, ಮೊಣಕಾಲು ನೀರಿನಲ್ಲಿ ನಿಂತು ಗೋಡೆಗೆ ಹೊಸ ಮೊಳೆ ಹೊಡೆದ.

ಮೊನ್ನೆ ದೀಪಾವಳಿಗೆ ಬಣ್ಣ ಹಚ್ಚಲು ಬಂದವನು ಕೇಳಿದ, ‘ಈ ಮೊಳಿ ಕೀಳ್ಲೇನ್ರಿ?’ ಬೇಡವೆಂದೆ. ಅವನ ಬ್ರಶ್ಶನ್ನೇ ಇಸಿದುಕೊಂಡು ಪಕ್ಕದಲ್ಲಿ ಕೆಂಪಕ್ಷರದಲ್ಲಿ ಬರೆದೆ: ಇಲ್ಲಿಗೆ ನೀರು ಬಂದರೆ ಪೂಲು ಮುಳುಗುತ್ತದೆ.

ಅವ್ವ ಕನ್ನಡಕ ಏರಿಸಿಕೊಂಡು ಓದಿದಳು.

‘ಹಳೇ ಪೂಲು ಅಂತ ಬರಿ,’ ಎಂದಳು. ‘ಹೊಸಾದು ಎತ್ತರಾ ಮಾಡಿ ಕಟ್ಟಾಕತ್ತಾರ.’