ಉದ್ದ ಬರೆಯುವವರ ಪರವಾಗಿ

ಮಿತಭಾಷಿಗೆ ನಮ್ಮಲ್ಲಿ ಬಹಳ ಮರ್ಯಾದೆ. ಹುಡುಗನದು ಮಾತು ಕಡಮೆ ಎಂದರೆ ಹೆಣ್ಣಿನ ಕಡೆಯವರಿಗೆ ಸಮಾಧಾನ. ಸಭೆಯಲ್ಲಿ ಯಾರಾದರೂ ‘ಎರಡೇ ಮಾತು’ ಎಂದು ಎದ್ದುನಿಂತರೆ ಜನ ಸಂತೋಷದಿಂದ ಕೈ ತಟ್ಟುತ್ತಾರೆ. ಆ ಎರಡು ಮಾತು ಮುಕ್ಕಾಲು ಗಂಟೆ ನಡೆಯುತ್ತದೆಂಬುದು ಬೇರೆ ವಿಚಾರ. ಹೀಗಿರುವಾಗ ಉದ್ದವಾಗಿ ಬರೆಯುವವನೊಬ್ಬನ ಪರವಾಗಿ ವಕಾಲತ್ತು ಹಿಡಿಯುವುದು ಸ್ವಲ್ಪ ಧೈರ್ಯದ ಕೆಲಸವೇ ಸರಿ. ಅದರಲ್ಲಿಯೂ ಅವನು ಬರೆದದ್ದು ಕ್ರಿಕೆಟ್ಟನ್ನು ಕುರಿತು ಎಂದಮೇಲೆ!

ನಾನು ಹೇಳುತ್ತಿರುವುದು ನೆವಿಲ್ ಕಾರ್ಡಸ್ ಎಂಬ ಇಂಗ್ಲಿಷ್ ಲೇಖಕನ ಮಾತು. ಶಾಲೆಯಲ್ಲಿ ಕಲಿತದ್ದು ಅಷ್ಟಕ್ಕಷ್ಟೆ. ಉಳಿದದ್ದೆಲ್ಲ ಮ್ಯಾಂಚೆಸ್ಟರ್ ನಗರದ ಪುಸ್ತಕ ಭಂಡಾರಗಳಲ್ಲಿ ಕುಳಿತು ಸಂಪಾದಿಸಿದ ವಿದ್ಯೆ. 1917ರಲ್ಲಿ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಗೆ ಸೇರಿದ. 1919ರಲ್ಲಿ ಕಾಯಿಲೆ ಬಿದ್ದು ಎದ್ದವನನ್ನು, ಒಳ್ಳೆಯ ಗಾಳಿಯಾದರೂ ಸಿಕ್ಕಲಿ ಎಂದು, ಪತ್ರಿಕೆಯವರು ಓಲ್ಡ್ ಟ್ರಾಫರ್ಡ್ ಮೈದಾನಕ್ಕೆ ಆಟದ ವರದಿ ಬರೆಯಲು ಕಳಿಸಿದರು. ಗಾಳಿ ಕುಡಿಯಲು ಹೋದವನು ಇಪ್ಪತ್ತು ವರ್ಷ ಅಲ್ಲಿಯೇ ಬೇರು ಬಿಟ್ಟ. ಸಂಗೀತ ವಿಮರ್ಶೆಯೂ ಅವನದೇ ಆಗಿ, 1967ರಲ್ಲಿ ‘ಸರ್’ ಪದವಿಯೂ ಬಂತು.

ಅವನ ಪುಸ್ತಕವೊಂದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ನನಗೆ ಸಿಕ್ಕಿತು. ನಮ್ಮ ಕಾಲೇಜಿನ ಗಣಿತದ ಅಧ್ಯಾಪಕರಿಗೆ ಕ್ರಿಕೆಟ್ಟಿನ ಹುಚ್ಚು, ಓದಲು ಕೊಟ್ಟೆ. ಮೂರನೆಯ ದಿನ ಪುಸ್ತಕ ನನ್ನ ಮೇಜಿನ ಮೇಲೆ ಬಂದು ಬಿತ್ತು.

“ಏನ್ ಮೇಷ್ಟ್ರೇ ಇದು! ಬಿಸಿಲು ಹೇಳ್ತಾನೆ, ಮೋಡ ಹೇಳ್ತಾನೆ, ಸಂಗೀತ ಹೇಳ್ತಾನೆ; ಗೆದ್ದೋರು ಯಾರಪ್ಪಾ ಅಂತ ಹುಡುಕಬೇಕು.”

ಮುದ್ದಣನ ಮನೋರಮೆಯಂತೆ ಅವರು ಹೆಜ್ಜೆಹೆಜ್ಜೆಗೂ ತಡೆದು ಕೇಳುವವರು. ಅವರ ಆಕ್ಷೇಪಣೆಗಳು ಮೂರು. ಓದುಗನಿಗೆ ವೇಳೆಯಿಲ್ಲ ಎಂಬುದು ಒಂದು. ಆಟಗಾರನನ್ನು ಹಿಂದೆ ತಳ್ಳಿ ಬರೆಯುವವನೇ ಮುಂದೆ ಬಂದು ನಿಲ್ಲುತ್ತಾನೆ ಎಂಬುದು ಇನ್ನೊಂದು. ಅಂಕಿ ಸುಳ್ಳು ಹೇಳುವುದಿಲ್ಲ, ಅಲಂಕಾರ ಹೇಳುತ್ತದೆ ಎಂಬುದು ಮೂರನೆಯದು.

ಮೊದಲನೆಯದಕ್ಕೆ ಉತ್ತರ ಸುಲಭ. ಗೆದ್ದವರಾರೆಂದು ತಿಳಿಯಲು ಕಾರ್ಡಸ್‌ನ ಕಾಲದಲ್ಲಿಯೂ ಜನ ಅವನನ್ನು ಕಾಯುತ್ತಿರಲಿಲ್ಲ. ಸಂಜೆಯ ಪತ್ರಿಕೆಗಳೇ ಆ ಸುದ್ದಿಯನ್ನು ಮುಟ್ಟಿಸಿಬಿಡುತ್ತಿದ್ದವು. 1927ರಿಂದ ಇಂಗ್ಲೆಂಡಿನಲ್ಲಿ ರೇಡಿಯೋ ವೀಕ್ಷಕ ವಿವರಣೆಯೂ ಬಂತು. ಈಗಂತೂ ಒಂದೊಂದು ಎಸೆತದ ಲೆಕ್ಕವೂ ನಮ್ಮ ಜೇಬಿನ ಮೊಬೈಲಿಗೇ ಬಂದು ಬೀಳುತ್ತದೆ. ಅಂಕಿ ಪುಕ್ಕಟೆಯಾಗಿ ಸಿಕ್ಕುವಾಗ ಮತ್ತೆ ಅದನ್ನೇ ಹೇಳುವವನು ನಮ್ಮ ವೇಳೆಯನ್ನು ಉಳಿಸುತ್ತಾನೋ, ಕಳೆಯುತ್ತಾನೋ? ಸ್ಕೋರ್ ಬೋರ್ಡನ್ನು ಕಾರ್ಡಸ್ ಕತ್ತೆಯೆಂದು ಕರೆದನಂತೆ. ಕತ್ತೆ ಪ್ರಾಮಾಣಿಕ ಪ್ರಾಣಿ. ಹೊರಿಸಿದ್ದನ್ನು ಹೊರುತ್ತದೆ, ಏನು ಹೊತ್ತಿದ್ದೇನೆಂದು ಅದಕ್ಕೆ ತಿಳಿಯದು. ಮೊದಲ ಆಟವಾಡುವ ಹುಡುಗ ಮೂವತ್ತು ಓಟ ಹೊಡೆದರೂ, ನಾಳೆ ಆಟ ಬಿಡಲಿರುವ ಹಳಬ ಮೂವತ್ತು ಹೊಡೆದರೂ ಬೋರ್ಡಿನ ಮೇಲೆ ಮೂವತ್ತೇ.

ಎರಡನೆಯದು ಹೆಚ್ಚು ಗಟ್ಟಿಯಾದ ಆಕ್ಷೇಪಣೆ. ಅದಕ್ಕೆ ನನ್ನ ಸಾಕ್ಷಿ ಎಮ್ಮಟ್ ರಾಬಿನ್‌ಸನ್. ಯಾರ್ಕ್‌ಷೈರ್ ತಂಡಕ್ಕೆ ಇವನು ಆಡತೊಡಗಿದ್ದೇ 1919ರಲ್ಲಿ, 35ನೆಯ ವಯಸ್ಸಿನಲ್ಲಿ. ಇಂಗ್ಲೆಂಡಿನ ಪರವಾಗಿ ಒಂದು ಟೆಸ್ಟನ್ನೂ ಆಡಲಿಲ್ಲ. ದಾಖಲೆಯ ಪುಸ್ತಕದಲ್ಲಿ ಒಂದು ಸಾಲಾಗಿ ಮಲಗಿರಬೇಕಾದ ಮನುಷ್ಯ. ಕಾರ್ಡಸ್‌ನ ಬರಹದಲ್ಲಿ ಅವನು ನಡೆದಾಡುತ್ತಾನೆ, ಗೊಣಗುತ್ತಾನೆ, ಆಕಾಶ ನೋಡಿ ಲೆಕ್ಕ ಹಾಕುತ್ತಾನೆ. ಮಹಾ ದಾಂಡಿಗರನ್ನು ಅವರ ಅಂಕಿಗಳೇ ಕಾಪಾಡುತ್ತವೆ. ರಾಬಿನ್‌ಸನ್ನನನ್ನು ಕಾಪಾಡಿದ್ದು ಒಬ್ಬನ ಉದ್ದ ಬರವಣಿಗೆ.

ಸಂಗ್ರಹಲೇಖನವನ್ನು ಕಲಿಸಿ ಹೊಟ್ಟೆ ಹೊರೆಯುವವನು ನಾನು. ಅದರ ಗುಣವನ್ನೂ ಬಲ್ಲೆ, ಕ್ರೌರ್ಯವನ್ನೂ ಬಲ್ಲೆ. ರಾಮಾಯಣವನ್ನು ಹತ್ತು ಸಾಲಿಗೆ ಇಳಿಸಿ ಎಂದರೆ ಹುಡುಗರು ರಾಮನನ್ನು ಬಿಡುವುದಿಲ್ಲ, ರಾವಣನನ್ನೂ ಬಿಡುವುದಿಲ್ಲ. ಮೊದಲು ಹೋಗುವವರು ಗುಹ, ಶಬರಿ. ಸಂಕ್ಷೇಪದಲ್ಲಿ ದೊಡ್ಡವರಿಗೆ ಮಾತ್ರ ಜಾಗ. ನನ್ನ ತಂದೆ ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದರು. ಅವರು ತೀರಿಕೊಂಡಮೇಲೆ ಪಿಂಚಣಿಯ ಕೆಲಸಕ್ಕಾಗಿ ಅವರ ಸೇವಾ ಪುಸ್ತಕವನ್ನು ನೋಡಿದೆ. ಸೇರಿದ ದಿನ, ಬಡ್ತಿ, ರಜೆ, ನಿವೃತ್ತಿ—ಒಂದಕ್ಷರವೂ ಸುಳ್ಳಲ್ಲ. ಆದರೆ ಮಳೆಗಾಲದಲ್ಲಿ ಹಳ್ಳ ದಾಟಲು ಮಕ್ಕಳನ್ನು ಹೆಗಲ ಮೇಲೆ ಹೊತ್ತ ಮನುಷ್ಯ ಆ ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ. ಅಂದಿನಿಂದ, ಸುತ್ತಿ ಬಳಸಿ ಹೇಳುವವರನ್ನು ಕಂಡರೆ ನನಗೆ ಮೊದಲಿನಷ್ಟು ಬೇಸರವಾಗುವುದಿಲ್ಲ.

ಇನ್ನು ಮೂರನೆಯದು, ಸತ್ಯದ ಮಾತು. ಇಲ್ಲಿ ನಾನು ಗಣಿತದವರ ಕಡೆಗೇ ಸೇರುತ್ತೇನೆ. ಲ್ಯಾಂಕಾಷೈರಿನ ಡಿಕ್ ಟಿಲ್ಡ್‌ಸ್ಲಿ ಹಿಡಿದ ಕ್ಯಾಚೊಂದರ ಕಥೆಯನ್ನು ಕಾರ್ಡಸ್ ಹೇಳುತ್ತಾನೆ. ಚೆಂಡು ನೆಲ ಮುಟ್ಟಿತ್ತೆಂದು ಟಿಲ್ಡ್‌ಸ್ಲಿ ತಾನೇ ಅಂಪೈರಿಗೆ ತಿಳಿಸಿದನಂತೆ. ಮೆಚ್ಚಿ ಮಾತನಾಡಿಸಿದರೆ, ಅದೆಲ್ಲ ತಮ್ಮೂರಿನ ಭಾನುವಾರದ ಧರ್ಮಪಾಠದ ಫಲ ಎಂದನಂತೆ. ಸೊಗಸಾದ ಮಾತು. ಆದರೆ ಅದನ್ನು ಅವನೇ ಆಡಿದನೋ, ಅವನ ಪರವಾಗಿ ನಾನು ಆಡಿದೆನೋ, ಮೇಲಿನ ಸತ್ಯದ ಮುಂದೆ ಅದೇನು ದೊಡ್ಡದು ಎಂಬರ್ಥದ ಮಾತನ್ನು ಕಾರ್ಡಸ್ಸೇ ಬರೆದಿದ್ದಾನೆ. ನನಗೆ ಅದು ದೊಡ್ಡದೇ. ಉದ್ದ ಬರವಣಿಗೆಯ ಪುಣ್ಯವೆಲ್ಲ ಇರುವುದು ಬೇರೆಯವರು ಬಿಟ್ಟವನಿಗೆ ಜಾಗ ಕೊಡುವುದರಲ್ಲಿ. ಅವನ ಬಾಯಿಗೆ ನನ್ನ ಮಾತು ತುರುಕಿದರೆ, ಬಲಗೈಯಿಂದ ಕೊಟ್ಟ ಜಾಗವನ್ನು ಎಡಗೈಯಿಂದ ಕಿತ್ತುಕೊಂಡಂತೆ. ಅವನಿಗೆ ತಿರುಗಿ ಹೇಳಲು ಪತ್ರಿಕೆಯಲ್ಲಿ ಅಂಕಣವೂ ಇರುವುದಿಲ್ಲ. ಮೋಡವನ್ನು ಎಷ್ಟು ಬೇಕಾದರೂ ಬಣ್ಣಿಸಲಿ, ಮೋಡಕ್ಕೆ ನಷ್ಟವಿಲ್ಲ. ಮನುಷ್ಯನ ಮಾತು ಮಾತ್ರ ಅವನದೇ ಆಗಿರಲಿ.

ಆದ್ದರಿಂದ ಇಂಥ ಬರಹಗಾರನನ್ನು ‘ಎಷ್ಟು ಉದ್ದ?’ ಎಂದು ಕೇಳುವುದಕ್ಕಿಂತ ‘ಯಾರಿಗೆ ಜಾಗ ಕೊಟ್ಟೆ?’ ಎಂದು ಕೇಳುವುದು ನ್ಯಾಯ. ತನಗೇ ಕೊಟ್ಟುಕೊಂಡಿದ್ದರೆ ಎರಡು ಸಾಲೂ ಹೆಚ್ಚು.

ಗಣಿತದ ಮಿತ್ರರು ಇದನ್ನೆಲ್ಲ ಒಪ್ಪಿದರೆಂದು ಯಾರೂ ತಿಳಿಯಬಾರದು. ಆದರೆ ಮೊನ್ನೆ ಕಾಫಿಯ ಹೊತ್ತಿನಲ್ಲಿ ತಾವಾಗಿಯೇ ಕೇಳಿದರು: “ಆ ರಾಬಿನ್‌ಸನ್ ಅಂದ್ರಲ್ಲಾ ಮೇಷ್ಟ್ರೇ, ಆಟ ಬಿಟ್ಟಮೇಲೆ ಏನಾದ?”

“ಅಂಪೈರ್ ಆದ” ಎಂದೆ.

“ಅಷ್ಟೇನಾ?” ಎಂದರು. ಅವರ ಮುಖದಲ್ಲಿ ನಿರಾಶೆ ಚೆನ್ನಾಗಿಯೇ ಕಾಣುತ್ತಿತ್ತು.